ಆ ಹತ್ತೊಂಬತ್ತು ಸಾವಿರದ ಕಂಟ್ರೋಲರ್ ಬಗ್ಗೆ

ತುಮಕೂರು
ಭಾನುವಾರ ರಾತ್ರಿ

ಚಿರಂಜೀವಿ ಅಳಿಯನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮತ್ತೆಯ ಮಂಡಿನೋವು ಸ್ವಲ್ಪ ಇಳಿದಿದೆ. ವಿಡಿಯೋ ಗೇಮ್ ಆಡೋಕೆ ಕೈಯಲ್ಲಿ ಹಿಡಿಯೋ ದುಬಾರಿ ಕಂಟ್ರೋಲರ್ ಒಂದು ತಗೊಳ್ಳಲಾ ಅಂತ ಕೇಳಿ ನೀನು ಕಳಿಸಿದ ಎರಡೂ ಲಿಂಕ್ ನೋಡಿದೆ. ಫೋನಿನಲ್ಲಿ ಒಂದೇ ಮಾತಿಗೆ ಬೇಡ ಅಂದರೆ ನಿಮ್ಮಮ್ಮ ಹೇಳಿಕೊಟ್ಟಿದ್ದಾಳೆ ಅಂದುಕೊಳ್ಳುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಕ್ಕ ಫೋನ್ ಮಾಡಿದ್ದು ನಿಜ. "ಹತ್ತೊಂಬತ್ತು ಸಾವಿರ ಕೊಟ್ಟು ಆಟದ ಸಾಮಾನು ತಗೋತಾನಂತೆ, ನೀನಾದರೂ ಹೇಳು" ಅಂದಳು. ದುಡಿಯೋನು ನೀನು, ದುಡ್ಡು ನಿನ್ನದು. ಅದಕ್ಕೆ ನಾನು ಬಾಯಿ ಹಾಕಲ್ಲ. ಆ ಸಾಮಾನು ನೀನು ಆಡೋ ಕಾರಿನ ಆಟಕ್ಕೆ ಎಷ್ಟು ಉಪಯೋಗಕ್ಕೆ ಬರುತ್ತೆ ಅನ್ನೋದಷ್ಟೇ ನನ್ನ ಮಾತು. ಅಂಗಡಿ ಬಾಗಿಲು ಹಾಕಿ ಬಂದ ಮೇಲೆ ನಾನೂ ಫೋರ್ಜಾ ಅನ್ನೋ ಆ ಕಾರಿನ ಆಟ ಆಡುವವನೇ ಅಲ್ವಾ? ನಿಮ್ಮತ್ತೆ ಬೈದುಕೊಂಡೇ ಊಟಕ್ಕೆ ಕರೆಯುತ್ತಾಳೆ.

ಮೊದಲು ಇದನ್ನು ನೋಡು. ನೀನು ಕಳಿಸಿದ ಎಕ್ಸ್‌ಬಾಕ್ಸ್ ಎಲೀಟ್ ಸೀರೀಸ್ 2 ಬಂದದ್ದು 2019ರಲ್ಲಿ. ಸೋನಿಯ ಡ್ಯುಯಲ್‌ಸೆನ್ಸ್ ಎಡ್ಜ್ ಬಂದದ್ದು 2023ರಲ್ಲಿ, ಆಗ ಇಲ್ಲಿ ಅದರ ಬೆಲೆ 18,990 ರೂಪಾಯಿ ಇತ್ತು. ಎಲೀಟ್‌ಗೆ ಬೆನ್ನಲ್ಲಿ ನಾಲ್ಕು ಪ್ಯಾಡಲ್, ಅಂದರೆ ಬೆರಳಲ್ಲಿ ಒತ್ತುವ ಪಟ್ಟಿಗಳು, ಎಡ್ಜ್‌ಗೆ ಎರಡು ಬಟನ್. ಇವು ಯಾಕಿವೆ ಗೊತ್ತಾ? ಗುಂಡು ಹಾರಿಸುವ ಆಟದಲ್ಲಿ ಬಲಗೈ ಹೆಬ್ಬೆರಳು ಗುರಿ ಹಿಡಿಯೋ ಸ್ಟಿಕ್, ಅಂದರೆ ಆ ಪುಟ್ಟ ಕಡ್ಡಿ, ಬಿಟ್ಟು ಬರುವ ಹಾಗಿಲ್ಲ. ಜಿಗಿಯಲು ಬಟನ್ ಒತ್ತೋಕೆ ಹೋದರೆ ಗುರಿ ತಪ್ಪುತ್ತೆ. ಹಾಗಾಗಿ ಆ ಕೆಲಸವನ್ನು ಬೆನ್ನಿನ ಕಡೆ ಇರೋ ಬೆರಳುಗಳಿಗೆ ಕೊಟ್ಟರು. ಕಾರು ಓಡಿಸುವಾಗ ನಿನ್ನ ಬಲ ಹೆಬ್ಬೆರಳಿಗೆ ಏನು ಕೆಲಸ? ಕ್ಯಾಮೆರಾ ತಿರುಗಿಸೋದು, ಅದೂ ಅಪರೂಪಕ್ಕೆ. ಮಿಕ್ಕ ಹೊತ್ತು ಸುಮ್ನೆ ಕೂತಿರುತ್ತೆ. ಗೇರ್ ಏರಿಸೋಕೆ ಬಿ ಬಟನ್, ಇಳಿಸೋಕೆ ಎಕ್ಸ್, ಹ್ಯಾಂಡ್‌ಬ್ರೇಕಿಗೆ ಎ, ಎಲ್ಲ ಅದೇ ಹೆಬ್ಬೆರಳ ಕೆಳಗೇ ಇವೆ. ಪ್ಯಾಡಲ್‌ನಲ್ಲಿ ಗೇರ್ ಹಾಕಿದರೆ ಖುಷಿ ಇದೆ, ಇಲ್ಲ ಅನ್ನಲ್ಲ. ಕ್ಲಚ್ ಸಮೇತ ಓಡಿಸುವವನಾದರೆ ಇನ್ನೂ ಸ್ವಲ್ಪ ಜಾಸ್ತಿ. ಆದರೆ ಆ ಖುಷಿಗೆ ಮಾಮೂಲಿ ಕಂಟ್ರೋಲರ್‌ಗಿಂತ ಹದಿಮೂರು ಸಾವಿರ ಮೇಲೆ ಕೊಡಬೇಕಾ ಅಂತ ನೋಡಿಕೋ.

ಟ್ರಿಗರ್ ಲಾಕ್ ಅಂತ ಒಂದಿದೆ, ಜಾಹೀರಾತಿನಲ್ಲಿ ಅದನ್ನೇ ದೊಡ್ಡದಾಗಿ ಹಾಕಿರುತ್ತಾರೆ. ಟ್ರಿಗರ್ ಅಂದರೆ ತೋರುಬೆರಳಿಗೆ ಸಿಗೋ ಬಟನ್, ಕಾರಿನ ಆಟದಲ್ಲಿ ಬಲದ್ದು ಆಕ್ಸಿಲರೇಟರ್, ಎಡದ್ದು ಬ್ರೇಕ್. ಅದು ಪೂರ್ತಿ ಒಳಗೆ ಹೋಗದ ಹಾಗೆ ಲಾಕ್ ಮಧ್ಯದಲ್ಲೇ ತಡೆಯುತ್ತೆ. ಬಂದೂಕಿಗೆ ಬಹಳ ಚೆನ್ನ. ಕಾರಿಗೆ ಅದು ಶತ್ರು. ಹೋದ ವರ್ಷ ದೇವರಾಯನದುರ್ಗದ ತಿರುವಿನಲ್ಲಿ ನನ್ನ ಸ್ಕೂಟರ್ ಓಡಿಸಿದೆಯಲ್ಲ, ಆಕ್ಸಿಲರೇಟರ್ ಒಂದೇ ಸಲ ತಿರುವಿದೆಯಾ? ಕೂದಲಷ್ಟು ಕೊಟ್ಟೆ, ಬಿಟ್ಟೆ, ಮತ್ತೆ ಕೊಟ್ಟೆ. ಆಟದಲ್ಲೂ ಅಷ್ಟೇ. ಹಿಂದಿನ ಚಕ್ರಕ್ಕೆ ಶಕ್ತಿ ಹೋಗೋ ಕಾರಿನಲ್ಲಿ ತಿರುವಿನಿಂದ ಹೊರಬರುವಾಗ ಟ್ರಿಗರ್ ಅರ್ಧ ಮಾತ್ರ ಒತ್ತಬೇಕು. ಪೂರ್ತಿ ಒತ್ತಿದರೆ ಹಿಂಭಾಗ ಗಿರ್ರನೆ ತಿರುಗುತ್ತೆ. ಚಕ್ರ ಬಿಗಿಯದ ಹಾಗೆ ನೋಡಿಕೊಳ್ಳೋ ಎಬಿಎಸ್ ತೆಗೆದು ಆಡುವಾಗ ಬ್ರೇಕಿನದೂ ಇದೇ ಕತೆ. ಟ್ರಿಗರ್‌ನ ಹಾದಿ ಉದ್ದ ಇದ್ದಷ್ಟೂ ಬೆರಳಿಗೆ ಅಳತೆ ಸಿಗುತ್ತೆ. ಲಾಕ್ ಹಾಕಿದರೆ ದುಡ್ಡು ಕೊಟ್ಟು ಆ ಹಾದಿಯನ್ನು ಮೊಟಕು ಮಾಡಿಕೊಂಡ ಹಾಗೆ.

ಇನ್ನೊಂದು ಮಜಾ ಏನು ಅಂದರೆ, ಕಾರಿನ ಆಟಕ್ಕೆ ನಿಜವಾಗಿ ಬೇಕಾದದ್ದು ಮಾಮೂಲಿ ಕಂಟ್ರೋಲರ್‌ನಲ್ಲೇ ಇದೆ. 2013ರ ಎಕ್ಸ್‌ಬಾಕ್ಸ್ ಒನ್ ಕಾಲದಿಂದ ಟ್ರಿಗರ್ ಒಳಗೇ ಪುಟ್ಟ ಮೋಟಾರ್ ಇಟ್ಟಿದ್ದಾರೆ. ಚಕ್ರ ಬಿಗಿದು ಜಾರುವಾಗ ಎಡ ಬೆರಳ ತುದಿಗೆ ಜುಮ್ ಅನ್ನುತ್ತೆ. ಸೋನಿಯ ಮಾಮೂಲಿ ಡ್ಯುಯಲ್‌ಸೆನ್ಸ್‌ನಲ್ಲಿ ಟ್ರಿಗರ್ ತಾನೇ ಗಟ್ಟಿಯಾಗುತ್ತೆ. ಗ್ರ್ಯಾನ್ ಟುರಿಸ್ಮೊ 7 ಅನ್ನೋ ಕಾರಿನ ಆಟದಲ್ಲಿ ಬ್ರೇಕ್ ಒತ್ತಿ ನೋಡು, ಗೊತ್ತಾಗುತ್ತೆ. ಎರಡೂ ಐದಾರು ಸಾವಿರದ ಸಾಮಾನು.

ಈಗ ಸ್ಟಿಕ್‌ಗೆ ಬರೋಣ. ಇದು ನನ್ನ ಕಸುಬಿನ ವಿಷಯ. ಅಜ್ಜಿಮನೆಯ ರೇಡಿಯೋ ನೆನಪಿದೆಯಾ? ವಾಲ್ಯೂಮ್ ತಿರುಗಿಸಿದರೆ ಗರಗರ ಅನ್ನುತ್ತಿತ್ತು. ಒಳಗೆ ಒಂದು ಕಾರ್ಬನ್ ಪಟ್ಟಿ, ಅದರ ಮೇಲೆ ಉಜ್ಜಿಕೊಂಡು ಓಡಾಡುವ ಒಂದು ತಗಡಿನ ನಾಲಿಗೆ. ಪಟ್ಟಿ ಸವೆದ ಕಡೆ ಗರಗರ. ಕಳೆದ ವಾರ ಇಲ್ಲೇ ಬಟವಾಡಿ ಬಡಾವಣೆಯ ಹುಡುಗನೊಬ್ಬ ಕಂಟ್ರೋಲರ್ ತಂದಿದ್ದ, ಕಾರು ತಾನಾಗೇ ಎಡಕ್ಕೆ ಎಳೆಯುತ್ತೆ ಅಂತ. ಬಿಚ್ಚಿದೆ. ಸ್ಟಿಕ್‌ನ ಡಬ್ಬಿಯ ಪಕ್ಕದಲ್ಲಿ ಉಗುರಿನಷ್ಟು ಅಗಲದ ಹಸಿರು ಮುಚ್ಚಳ, ತೆಗೆದರೆ ಒಳಗೆ ಅದೇ ಪಟ್ಟಿ, ಅದೇ ನಾಲಿಗೆ, ಕಾಡಿಗೆಯಂಥ ಕಪ್ಪು ಪುಡಿ. ಮೂವತ್ತು ವರ್ಷದಿಂದ ರೇಡಿಯೋದಲ್ಲಿ ಒರೆಸಿದ ಪುಡಿಯನ್ನೇ ಮತ್ತೆ ಒರೆಸಿದೆ. ನಗು ಬಂತು. ನೀವು ಸ್ಟಿಕ್ ಡ್ರಿಫ್ಟ್ ಅನ್ನೋದು ಇದನ್ನೇ.

ನೀನು ಕಳಿಸಿದ ಎರಡು ದುಬಾರಿ ಕಂಟ್ರೋಲರ್‌ಗಳಲ್ಲೂ ಸ್ಟಿಕ್ ಒಳಗೆ ಇದೇ ಉಜ್ಜುವ ಪಟ್ಟಿ. ಎಡ್ಜ್‌ನಲ್ಲಿ ಸವೆದ ಸ್ಟಿಕ್ಕನ್ನು ಪೂರ್ತಿ ಕಿತ್ತು ಬೇರೆ ಕೂರಿಸಬಹುದು, ಅದೊಂದು ಒಳ್ಳೆ ಏರ್ಪಾಡು. ಅದೇ ಗೇಮ್‌ಸರ್ ಕಂಪನಿಯ ಜಿ7 ಎಸ್‌ಇ ಥರದ ಕಡಿಮೆ ಬೆಲೆಯವುಗಳಲ್ಲಿ ಹಾಲ್ ಸೆನ್ಸರ್ ಇದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಗುಣ ಅದು. ಅಯಸ್ಕಾಂತ ಹತ್ತಿರ ಬಂತಾ ದೂರ ಹೋಯಿತಾ ಅಂತ ಮುಟ್ಟದೇ ಅಳೆಯುತ್ತೆ. ಎಲೆಕ್ಟ್ರಿಕ್ ಸ್ಕೂಟರ್‌ನ ಆಕ್ಸಿಲರೇಟರ್ ಹಿಡಿಯೊಳಗೂ ಸಾಮಾನ್ಯವಾಗಿ ಇದೇ ಇರೋದು. ಉಜ್ಜೋದೇ ಇಲ್ಲ ಅಂದಮೇಲೆ ಸವೆಯೋದು ಎಲ್ಲಿ ಬಂತು? ಸ್ಟೀರಿಂಗ್ ಅಂತ ದಿನಾ ಎಡಬಲ ಎಳೆದಾಡುವ ನಿನ್ನಂಥವನಿಗೆ ನಾಲ್ಕು ಪ್ಯಾಡಲ್‌ಗಿಂತ ಇದು ಮೇಲು.

ದುಬಾರಿಯವುಗಳಲ್ಲಿ ನನಗೆ ಮನಸ್ಸಾದದ್ದು ಒಂದೇ. ಎಲೀಟ್ ಪೆಟ್ಟಿಗೆಯಲ್ಲಿ ಎತ್ತರದ ಸ್ಟಿಕ್ ಒಂದು ಕೊಡುತ್ತಾರೆ. ಕಡ್ಡಿ ಉದ್ದ ಆದರೆ ಬೆರಳು ಜಾಸ್ತಿ ದೂರ ಸರಿದರೂ ಬುಡ ಸ್ವಲ್ಪವೇ ವಾಲುತ್ತೆ. ಉದ್ದ ತಿರುವಿನಲ್ಲಿ ಹಿಡಿತ ನಿಜಕ್ಕೂ ನಯವಾಗುತ್ತೆ. ಸ್ಟಿಕ್ ಎಷ್ಟು ಬಿಗಿ ಇರಬೇಕು ಅನ್ನೋದನ್ನೂ ಕೀಲಿ ಹಾಕಿ ತಿರುಗಿಸಿ ಬದಲಿಸಬಹುದು. ಪಂದ್ಯ ಕಟ್ಟಿ ಆಡುವವನಿಗೆ ಇದು ಬೇಕಾದೀತು.

ನಾನೂ ಒಂದು ಸಲ ದುಬಾರಿಯದು ತಗೊಂಡಿದ್ದೆ ಅಂತ ನಿನಗೆ ಹೇಳಿಲ್ಲ. ನಿಮ್ಮತ್ತೆಗೂ ಹೇಳಿಲ್ಲ, ನೀನೂ ಹೇಳಬೇಡ. ಕಂಪನಿ ಹೆಸರು ಬೇಡ ಬಿಡು. ಎರಡನೇ ಬೇಸಿಗೆಗೆ ಹಿಡಿಯ ರಬ್ಬರ್ ಮಾವಿನ ಸಿಪ್ಪೆ ಹಾಗೆ ಎದ್ದು ಬಂತು. ವಾರಂಟಿ ಮುಗಿದು ಹನ್ನೊಂದು ದಿನ ಆಗಿತ್ತು. ಫೆವಿಕ್ವಿಕ್ ಹಾಕಿ ಅಂಟಿಸಿದೆ, ಅದು ನನ್ನ ಬೆರಳನ್ನೂ ಸೇರಿಸಿಕೊಂಡು ಅಂಟಿತು.

ಒಂದು ಪೈಸೆ ಖರ್ಚಿಲ್ಲದ ಕೆಲಸ ಎರಡಿವೆ, ಮೊದಲು ಅವನ್ನು ಮಾಡು. ಲ್ಯಾಪ್‌ಟಾಪನ್ನು ಟಿವಿಗೆ ಹಾಕಿ ಆಡುತ್ತೀಯಲ್ಲ, ಆ ಟಿವಿಯಲ್ಲಿ ಗೇಮ್ ಮೋಡ್ ಹಾಕಿದ್ದೀಯಾ? ಹಾಕಿರಲ್ಲ. ಚಿತ್ರ ಚೆಂದ ಮಾಡೋಕೆ ಟಿವಿ ತಾನೇ ಲೆಕ್ಕ ಹಾಕುತ್ತಾ ಕೂರುತ್ತೆ, ಅಷ್ಟರಲ್ಲಿ ನೀನು ತಿರುಗಿಸಿದ್ದು ಪರದೆಗೆ ತಡವಾಗಿ ಬರುತ್ತೆ. ನೀನು ಕಂಟ್ರೋಲರ್ ಸರಿಯಿಲ್ಲ ಅಂತೀಯ. ಇನ್ನೊಂದು, ಫೋರ್ಜಾದ ಸೆಟ್ಟಿಂಗ್‌ನಲ್ಲಿ ಸ್ಟೀರಿಂಗ್ ಡೆಡ್‌ಝೋನ್ ಅಂತ ಇದೆ, ಅಂದರೆ ಸ್ಟಿಕ್ ಅಲ್ಲಾಡಿದರೂ ಆಟ ಲೆಕ್ಕಕ್ಕೆ ತಗೊಳ್ಳದ ಜಾಗ. ಒಳಗಿನದನ್ನು ಒಂದೊಂದೇ ಅಂಕಿ ಕೆಳಗಿಳಿಸುತ್ತಾ ಹೋಗು. ಸ್ಟಿಕ್ ಮುಟ್ಟದೆಯೇ ಕಾರು ಯಾವಾಗ ಪಕ್ಕಕ್ಕೆ ಹೋಗೋಕೆ ಶುರು ಮಾಡುತ್ತೋ ಅಲ್ಲಿಂದ ಎರಡು ಅಂಕಿ ಮೇಲೆ ನಿಲ್ಲಿಸು. ಸಂಜೆಯೆಲ್ಲ ಇದನ್ನೇ ಮಾಡಿದರೂ ತಪ್ಪಿಲ್ಲ.

ಸ್ಟೀರಿಂಗ್ ವೀಲ್ ತಗೊಳ್ಳಲಾ ಅಂತಲೂ ನೀನು ಕೇಳಿದ್ದೆ. ಲಾಜಿಟೆಕ್ ಜಿ29 ಥರದ್ದು 900 ಡಿಗ್ರಿ ತಿರುಗುತ್ತೆ, ಮೂರು ಪೆಡಲ್ ಬರುತ್ತೆ, ಕೈಗೆ ಎದುರು ಎಳೆಯುತ್ತೆ. ಹತ್ತೊಂಬತ್ತರ ಮೇಲೆ ಇನ್ನಷ್ಟು ಕೂಡಿಸಿದರೆ ಅದೇ ಬರುತ್ತೆ, ಕಾರಿನ ಆಟಕ್ಕೇ ಹುಟ್ಟಿದ ಸಾಮಾನು. ಆದರೆ ಅದನ್ನು ಮೇಜಿಗೆ ಬಿಗಿಯಬೇಕು. ನಿನ್ನ ಪಿ.ಜಿ. ರೂಮಿನಲ್ಲಿ ಮೇಜು ಎಲ್ಲಿದೆ? ಮಂಚಕ್ಕೆ ಬಿಗಿಯೋಕೆ ಆಗಲ್ಲ. ಮನೆ ಮಾಡಿದ ಮೇಲೆ ನೋಡೋಣ.

ಸದ್ಯಕ್ಕೆ ಹಾಲ್ ಸೆನ್ಸರ್ ಇರೋದೊಂದು ತಗೋ. ಇಲ್ಲ, ನಿನ್ನ ಹಳೇ ಎಕ್ಸ್‌ಬಾಕ್ಸ್ ಕಂಟ್ರೋಲರನ್ನೇ ಮುಂದಿನ ಭಾನುವಾರ ತಗೊಂಡು ಬಾ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಅಂಗಡಿಗೆ ಹೋಗೋಣ. ನೀನಾಗೇ ಬಿಚ್ಚೋಕೆ ಮಾತ್ರ ಹೋಗಬೇಡ. ಬ್ಯಾಟರಿ ಗೂಡಿನ ಸ್ಟಿಕರ್ ಕೆಳಗೆ ಒಂದು ಸ್ಕ್ರೂ ಅಡಗಿದೆ, ಅದು ಗೊತ್ತಿಲ್ಲದೆ ಮೀಟಿ ಮುಚ್ಚಳ ಸೀಳಿಕೊಂಡು ಬಂದವರು ಬೇಕಾದಷ್ಟು ಜನ. ಅದಕ್ಕೆ ಬೇಕಾದ ನಕ್ಷತ್ರದ ತುದಿಯ ಟಿ8 ಸ್ಕ್ರೂಡ್ರೈವರ್ ನನ್ನ ಹತ್ತಿರ ಇದೆ.

ಇಂತಿ ನಿನ್ನ ಮಾವ