ಯಂತ್ರಕ್ಕೆ ಸ್ವಭಾವದ ಅಂಕಪಟ್ಟಿ

ಮಾನ್ಯ ಸಂಪಾದಕರೇ,

ಮನುಷ್ಯರ ವ್ಯಕ್ತಿತ್ವ ಪರೀಕ್ಷೆಯನ್ನು ಚಾಟ್‌ಬಾಟ್‌ಗೆ ಕೊಟ್ಟು, ‘ಇದು ಸ್ನೇಹಮಯಿ, ಇದು ಶಾಂತ’ ಎಂದು ಅಂಕ ಹಾಕುವುದು ಈಗ ಜಾಸ್ತಿಯಾಗಿದೆ. ಕುತೂಹಲ ತಪ್ಪಲ್ಲ. ಅಂಕವನ್ನು ಸುಮ್ನೆ ನಂಬುವುದು ತಪ್ಪು.

ಆ ಪರೀಕ್ಷೆಗೂ ಚಾಟ್‌ಬಾಟ್‌ಗೂ ನಂಟೇ ಇಲ್ಲ ಎನ್ನುತ್ತಿಲ್ಲ. ಸ್ವಭಾವವನ್ನು ಐದು ಮುಖ್ಯ ಗುಣಗಳಲ್ಲಿ ಅಳೆಯುವ ‘ಬಿಗ್ ಫೈವ್’ ಪರೀಕ್ಷೆಯ ಬೇರು ಇರುವುದೇ ಪದಗಳಲ್ಲಿ. 1936ರಲ್ಲಿ ಮನೋವಿಜ್ಞಾನಿಗಳಾದ ಆಲ್‌ಪೋರ್ಟ್ ಮತ್ತು ಆಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಸ್ವಭಾವ ಹೇಳುವ ಸುಮಾರು 18,000 ಪದ ಹೆಕ್ಕಿದ್ದರು. ಚಾಟ್‌ಬಾಟ್‌ಗಳ ಒಳಗಿರುವ ಭಾಷಾ ಮಾದರಿಗಳು ಕಲಿತಿದ್ದೂ ಜನ ಬರೆದ ಪದಗಳಿಂದಲೇ. ಆದರೆ ಆ ರಾಶಿಯಲ್ಲಿ ಪರೀಕ್ಷೆಯ ಪ್ರಶ್ನೆಗಳೂ ಸೇರಿರುತ್ತವೆ ಅಲ್ವಾ? ಪ್ರಶ್ನೆಪತ್ರಿಕೆ ಮೊದಲೇ ಓದಿದವರ ಅಂಕಕ್ಕೆ ಎಷ್ಟು ಬೆಲೆ?

ಇಂಥ ಪರೀಕ್ಷೆಯಲ್ಲಿ ಪ್ರತಿ ಹೇಳಿಕೆಯನ್ನು ಎಷ್ಟು ಒಪ್ಪುತ್ತೀರಿ ಎಂದು 1ರಿಂದ 5ರವರೆಗೆ ಅಂಕ ಕೊಡಬೇಕು. ‘ನಾನು ಮಾತುಗಾರ’ ಎಂಬುದಕ್ಕೆ 5 ಕೊಟ್ಟವರು ‘ನಾನು ಮೌನಿ’ ಎಂಬುದಕ್ಕೆ 1 ಅಥವಾ 2 ಕೊಡಬೇಕು. ಕೆಲವು ಮಾದರಿಗಳು ಎರಡಕ್ಕೂ ಹೂಂ ಎನ್ನುತ್ತವೆ. ಆಯ್ಕೆಗಳ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುವುದುಂಟು. ‘ನೀನು ಸಿಡುಕ’ ಎಂದು ಮೊದಲೇ ಹೇಳಿಕೊಟ್ಟರಂತೂ ಸಿಡುಕನ ಅಂಕವೇ ಬರುತ್ತದೆ!

ಮನುಷ್ಯರ ವಿಷಯದಲ್ಲಿ ಅಂಕವನ್ನು ನಡತೆಯ ಜೊತೆ ತಾಳೆ ನೋಡುತ್ತಾರೆ. ಯಂತ್ರಕ್ಕೂ ಅದೇ ಆಗಲಿ. ಉದ್ದನೆಯ ಮಾತುಕತೆಯಲ್ಲಿ, ಕೆಣಕಿದಾಗ, ತಪ್ಪು ತೋರಿಸಿದಾಗ ಅದು ಹೇಗೆ ನಡೆದುಕೊಂಡಿತು ಎಂಬ ದಾಖಲೆಯನ್ನೂ ಅಂಕದ ಪಕ್ಕದಲ್ಲೇ ಪ್ರಕಟಿಸಲಿ.

–ಒಬ್ಬ ಓದುಗ