ಗೇಮ್ ವಿಮರ್ಶೆಯಲ್ಲಿ ಯಂತ್ರದ ಹೆಸರೂ ಇರಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕನ್ನಡ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಈಗ ವಿಡಿಯೊ ಗೇಮ್‌ಗಳಿಗೂ ಜಾಗ ಸಿಗುತ್ತಿರುವುದು ಸಂತೋಷದ ವಿಷಯ. ಆದರೆ ಗ್ರಾಫಿಕ್ಸ್ ಚೆನ್ನಾಗಿದೆ, ಬೆಳಕಿನ ಸಂಯೋಜನೆ ಸೊಗಸಾಗಿದೆ ಎಂದು ಬರೆಯುವವರು, ಆ ಗೇಮನ್ನು ಯಾವ ಯಂತ್ರದಲ್ಲಿ, ಯಾವ ಸೆಟ್ಟಿಂಗ್‌ನಲ್ಲಿ ಆಡಿ ನೋಡಿದರು ಎಂಬುದನ್ನು ತಿಳಿಸದಿದ್ದರೆ ಆ ಮಾತಿನಿಂದ ಓದುಗರಿಗೆ ಪ್ರಯೋಜನವಿಲ್ಲ.

‘ಸೈಬರ್‌ಪಂಕ್ 2077’ ಗೇಮನ್ನೇ ನೋಡಿ. 2020ರ ಡಿಸೆಂಬರ್ 10ರಂದು ಅದು ಬಿಡುಗಡೆಯಾಗುವ ಮೊದಲು ವಿಮರ್ಶಕರಿಗೆ ದೊರೆತದ್ದು ಪಿಸಿ ಆವೃತ್ತಿ ಮಾತ್ರ. ಅವರ ಹೊಗಳಿಕೆಯನ್ನು ನಂಬಿ ಸೋನಿಯ ಹಳೆಯ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಆದ ಪ್ಲೇಸ್ಟೇಷನ್ 4ಕ್ಕೆ ಕೊಂಡವರು ಕಂಡದ್ದು ಬೇರೆಯೇ: ಮಸುಕಾದ ಚಿತ್ರ, ತಡವಾಗಿ ಮೂಡುವ ಗೋಡೆಗಳು, ಪದೇ ಪದೇ ತಡವರಿಸುವ ಚಲನೆ. ಹಳೆಯ ಕನ್ಸೋಲ್‌ಗಳಲ್ಲಿ ಗೇಮ್ ಹೇಗಿರುತ್ತದೆಂದು ಮೊದಲೇ ತೋರಿಸದಿದ್ದಕ್ಕೆ ತಯಾರಕರಾದ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಕ್ಷಮೆ ಕೇಳಿತು. ಸೋನಿ ಸುಮಾರು ಒಂದು ವಾರದಲ್ಲೇ ಅದನ್ನು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದು, 2021ರ ಜೂನ್‌ವರೆಗೆ ಮತ್ತೆ ಮಾರಲಿಲ್ಲ.

ವ್ಯತ್ಯಾಸ ಎದ್ದು ಕಾಣುವುದು ಬೆಳಕಿನಲ್ಲಿ. ಆ ಗೇಮಿನ ನಗರದಲ್ಲಿ ಮಳೆ ನಿಂತ ಮೇಲೆ ರಸ್ತೆಯ ನೀರಿನಲ್ಲಿ ನಿಯಾನ್ ಫಲಕಗಳು ಪ್ರತಿಫಲಿಸುತ್ತವೆ. ‘ರೇ ಟ್ರೇಸಿಂಗ್’ ಎಂಬ ಬೆಳಕಿನ ತಂತ್ರ ಇಲ್ಲದ ಕಡೆ ಈ ಪ್ರತಿಬಿಂಬವನ್ನು ಹೆಚ್ಚಾಗಿ ಪರದೆಯ ಮೇಲೆ ಆಗಲೇ ಇರುವ ಚಿತ್ರದಿಂದಲೇ ಎತ್ತಿಕೊಳ್ಳುವುದರಿಂದ, ನೋಟವನ್ನು ಸ್ವಲ್ಪ ಕೆಳಗಿಳಿಸಿ ಫಲಕ ಪರದೆಯಿಂದ ಮರೆಯಾದ ಕೂಡಲೇ ನೀರಿನಲ್ಲಿದ್ದ ಅದರ ಬಿಂಬವೂ ಕರಗಿಹೋಗುತ್ತದೆ. ರೇ ಟ್ರೇಸಿಂಗ್ ಬೆಳಕಿನ ಕಿರಣ ಸಾಗುವ ದಾರಿಯನ್ನೇ ಲೆಕ್ಕ ಹಾಕುವುದರಿಂದ ಬಿಂಬ ಉಳಿಯುತ್ತದೆ; ಅದಕ್ಕೆ ತಕ್ಕ ಬೆಲೆಯ ಗ್ರಾಫಿಕ್ಸ್ ಕಾರ್ಡ್ ಮಾತ್ರ ಬೇಕು. 2022ರ ಫೆಬ್ರುವರಿಯಲ್ಲಿ ಪ್ಲೇಸ್ಟೇಷನ್ 5ಕ್ಕೆ ಬಂದ ಆವೃತ್ತಿಯಲ್ಲಿ ರೇ ಟ್ರೇಸಿಂಗ್ ನೆರಳುಗಳಿಗಷ್ಟೇ ಸೀಮಿತವಾಗಿತ್ತು, ಅದೂ ಸೆಕೆಂಡಿಗೆ 30 ಫ್ರೇಮ್‌ಗಳ (ಚಿತ್ರಗಳ) ವೇಗದಲ್ಲಿ. ಚಲನೆ ಹೆಚ್ಚು ನಯವಾಗಿ ಕಾಣುವ 60 ಫ್ರೇಮ್ ಬೇಕೆಂದವರು ರೇ ಟ್ರೇಸಿಂಗ್ ಇಲ್ಲದ ಇನ್ನೊಂದು ಮೋಡ್ ಆಯ್ದುಕೊಳ್ಳಬೇಕಿತ್ತು. ಹೀಗಿರುವಾಗ ‘ಪ್ಲೇಸ್ಟೇಷನ್ 5ರಲ್ಲೂ ರೇ ಟ್ರೇಸಿಂಗ್ ಇದೆ’ ಎಂದಷ್ಟೇ ಬರೆದರೆ ಅದು ಅರ್ಧ ಸತ್ಯ.

ಕಡಿಮೆ ಶಕ್ತಿಯ ಯಂತ್ರಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಅದೇ ಸಂಸ್ಥೆಯ ‘ದಿ ವಿಚರ್ 3’ 2019ರಲ್ಲಿ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್‌ಗೆ ಬಂದಾಗ ಚಿತ್ರದ ಸ್ಪಷ್ಟತೆ ಬಹಳ ಇಳಿದಿತ್ತು, ನಿಜ. ಆದರೆ ಅಷ್ಟು ದೊಡ್ಡ ಗೇಮನ್ನು ಅಷ್ಟು ಚಿಕ್ಕ ಯಂತ್ರಕ್ಕೆ ಹೊಂದಿಸಿದ್ದು ಮೆಚ್ಚಬೇಕಾದ ಕೆಲಸವೇ.

ಹೋಲಿಕೆಯ ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಅಚ್ಚು ಹಾಕುವಾಗ ಗೇಮಿನೊಳಗಿನ ಅದೇ ಜಾಗ, ಅದೇ ಹೊತ್ತು, ಅದೇ ಹವಾಮಾನ ಇರುವಂತೆ ನೋಡಿಕೊಳ್ಳಬೇಕು. ಒಂದರಲ್ಲಿ ಮಧ್ಯಾಹ್ನ, ಇನ್ನೊಂದರಲ್ಲಿ ಮುಸ್ಸಂಜೆ ಇದ್ದರೆ ಯಂತ್ರದ ಗುಣ ತಿಳಿಯುವುದಿಲ್ಲ. ತಿಂಗಳ ಸಂಬಳದಲ್ಲಿ ಉಳಿಸಿ ಮಕ್ಕಳಿಗೆ ಕನ್ಸೋಲ್ ಕೊಡಿಸುವ ತಂದೆತಾಯಿಯರೂ ತಮ್ಮ ಪುಟವನ್ನು ಓದುತ್ತಾರೆ. ಪ್ರತಿ ವಿಮರ್ಶೆಯ ಕೊನೆಗೆ ಯಂತ್ರದ ಹೆಸರು, ಆಯ್ದುಕೊಂಡ ಮೋಡ್ ಹಾಗೂ ಫ್ರೇಮ್ ರೇಟ್ ತಿಳಿಸುವ ಒಂದು ಸಾಲನ್ನು ಮುಂದಿನ ಸಂಚಿಕೆಯಿಂದಲೇ ಸೇರಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ದಾವಣಗೆರೆ