ಛತ್ರಿ ಯಾರದು?

ಧಾರವಾಡ

ಪ್ರೀತಿಯ ಅವ್ವಿ,

ಅಟ್ಟದ ಟ್ರಂಕಿನೊಳಗೆ ನಿನ್ನ ಎಂಟನೇ ಇಯತ್ತೆಯ ಇಂಗ್ಲಿಷ್ ನೋಟ್‌ಬುಕ್ ಸಿಕ್ಕಿತು. 'ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲಾ', ಯಾರೋ ತಮ್ಮ ಛತ್ರಿ ಬಿಟ್ಟುಹೋದರು, ಎಂದು ಬರೆದಿದ್ದಿ. ನಾನು 'ದೇರ್' ಮೇಲೆ ಕೆಂಪು ಗೆರೆ ಎಳೆದು 'ಹಿಸ್', ಅಂದರೆ 'ಅವನ', ಎಂದು ತಿದ್ದಿ, ಅರ್ಧ ಮಾರ್ಕು ಕಡಿದಿದ್ದೆ. "ಅಪ್ಪಾ, ಛತ್ರಿ ಅವ್ವಂದಾಗಿದ್ರ?" ಅಂತ ಕೇಳಿದಿ. "ಗ್ರಾಮರ್ ಹಂಗ ಐತಿ" ಅಂದು ಸುಮ್ಮನಾಗಿಸಿದೆ.

ನೀ ಬರೆದದ್ದೇ ಸರಿ ಇತ್ತು. ಯಾರೆಂದು ಗೊತ್ತಿಲ್ಲದ ಒಬ್ಬರಿಗೆ 'ದೇ' (ಅವರು) ಎನ್ನುವುದು ಇಂಗ್ಲಿಷಿನಲ್ಲಿ 14ನೇ ಶತಮಾನದಿಂದಲೂ ಇದೆ. ಒಬ್ಬನೇ ಹುಡುಗನಿಗೆ 'ಯೂ ಆರ್' ಅನ್ನುತ್ತೇವಲ್ಲ, ಆ 'ಯೂ' ಕೂಡ ಮೊದಲು ಬಹುವಚನವೇ. ಒಬ್ಬರಿಗೆ 'ನೀನು' ಅನ್ನಲು ಇದ್ದ 'ದೌ' ದಿನಬಳಕೆಯಿಂದ ಕಳೆದುಹೋಯಿತು. ನಾ ಕಲಿಸಿದ 'ಹಿಸ್'ಗೆ ಕಾನೂನಿನ ಬಲವೂ ಇತ್ತು: 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು, ಕಾಯ್ದೆಯಲ್ಲಿ ಗಂಡಸಿನ ಪದ ಬಂದರೆ ಅದರಲ್ಲೇ ಹೆಂಗಸೂ ಸೇರಿದಳೆಂದು ಬರೆದಿಟ್ಟಿತು. ಗುರುತಿರುವವರು 'ಅವನು', 'ಅವಳು' ಎರಡೂ ಬೇಡವೆಂದು, ತಾವಾಗಿ 'ನನ್ನನ್ನು ದೇ ಅನ್ನಿ' ಎಂದು ಕೇಳುವುದು ಮಾತ್ರ ಹೊಸದು. ಅಮೆರಿಕದ ಮನಃಶಾಸ್ತ್ರಜ್ಞರ ಸಂಘದ ಬರವಣಿಗೆ ಕೈಪಿಡಿ 2019ರಲ್ಲಿ ಅದನ್ನೂ ಒಪ್ಪಿತು.

ಯುಗಾದಿಗೆ ನೀ ಕರಕೊಂಡು ಬಂದಿದ್ದ ಗೆಳತಿ... ಇಲ್ಲಿ ಪೆನ್ನು ನಿಂತಿತು. ಗೆಳೆಯ ಎಂದೂ ಬರೆಯಲಾರೆ. ನಿನ್ನ ಆಫೀಸಿನಲ್ಲಿ ಎಲ್ಲರೂ ಅವರಿಗೆ 'ದೇ' ಅನ್ನುತ್ತೀರಿ ಎಂದು ನೀ ಹೇಳಿದಾಗ ನಾನು ವ್ಯಾಕರಣ ತೆಗೆದೆ. ನಿನ್ನ ಅವ್ವ ಏನೂ ಕೇಳಲಿಲ್ಲ. "ಅವ್ರಿಗೆ ಇನ್ನೊಂದು ರೊಟ್ಟಿ ಹಾಕ್ರಿ, ಎಣ್ಣೆಗಾಯಿ ಮುಟ್ಟೇ ಇಲ್ಲ" ಅಂದಳು.

ಆದರೆ 'ಅವ್ರು' ಪೂರ್ತಿ 'ದೇ' ಅಲ್ಲ, ಅವ್ವಿ. ನಮ್ಮ 'ಅವ್ರು' ಮರ್ಯಾದೆಯ ಜೊತೆಗೆ ದೂರವನ್ನೂ ತರುತ್ತದೆ. 'ಅವ್ರು ಬಂದ್ರು, ಅವ್ರು ಉಂಡ್ರು' ಅಂದರೆ ಮನೆಗೆ ಬೀಗರು ಬಂದಂತೆ. ಬರೀ ಹೆಸರು ಹೇಳೋಣವೆಂದರೆ ಕ್ರಿಯಾಪದ ಬಿಡುವುದಿಲ್ಲ: 'ಬಂದ' ಇಲ್ಲವೇ 'ಬಂದ್ಲು'. ಎರಡು ದಿನ ನಿನ್ನ ಸ್ನೇಹಿತರು ಖುರ್ಚಿಯ ತುದಿಗೇ ಕುಂತಿದ್ದರು. ಮೂರನೆಯ ದಿನ ಅವ್ವ ಎದುರಿಗೇ ಕುಂತು, ಮೊಸರಿನ ಪಾತ್ರೆ ಮುಂದೆ ಸರಿಸಿ, "ನೀ ಉಂಡೇನು?" ಅಂದಳು. 'ನೀ'ಗೆ ಗಂಡು ಹೆಣ್ಣಿನ ಗೊಡವೆಯಿಲ್ಲ, ದೂರವೂ ಇಲ್ಲ. ಆ ಮುಖದ ಮೇಲೆ ಮೂಡಿದ ನಗು ನಾ ನೋಡಿದೆ. ಮೂವತ್ತು ವರ್ಷ ಭಾಷೆ ಕಲಿಸಿದ ನನಗೆ ಅದು ಹೊಳೆದಿರಲಿಲ್ಲ.

ದಸರೆಗೂ ಕರಕೊಂಡು ಬಾ. ಎದುರಿಗಿದ್ದಾಗ ನಾನೂ 'ನೀ' ಅನ್ನುತ್ತೇನೆ. ಬೇರೆಯವರ ಮುಂದೆ ಹೇಳುವಾಗ ಇನ್ನೂ ತಡವರಿಸುತ್ತೇನೆ, ಹಳೆಯ ನಾಲಿಗೆ. ಫೋನಿನಲ್ಲಿ ನಾ ತಪ್ಪಿದರೆ ಅಲ್ಲೇ ತಿದ್ದು.

ನಿನ್ನ
ಅಪ್ಪ